ಬೆಟ್ಟ ಹತ್ತಿದ ಕಾಲು ಲೇಹ್‌ನಲ್ಲಿ ಕೈ ಹಿಡಿಯಲ್ಲ

ಇವತ್ತು ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ, ನಂದಿ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದ ಗುಂಪೊಂದರ ಮಾತು ಕಿವಿಗೆ ಬಿತ್ತು. "ಸಾವಿರ ಮೆಟ್ಲು ಹತ್ತೋರಿಗೆ ಲಡಾಖ್‌ನ ಲೇಹ್ ಏನ್ ಮಹಾ? ಉಸಿರು ಕಟ್ಟಿದ್ರೆ ಮೂಸೋಕೆ ಒಂದ್ ಪೊಟ್ಟಣ ಕರ್ಪೂರ ಇಟ್ಕೊಂಡ್ರಾಯ್ತು." ಕೆಳಗೆ ಇಳಿದು ಬಂದರೂ ಸಿಟ್ಟು ಇಳಿದಿಲ್ಲ.

ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 1,060ರ ಆಸುಪಾಸು. ಲೇಹ್ 3,500. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ಶೇ. 21ರಷ್ಟೇ ಇದೆ. ಕುಸಿದಿರುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸ ಇರುವುದು ಅಲ್ಲಿ 500ರ ಹತ್ತಿರ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ನೂಕುವುದೇ ಈ ಒತ್ತಡ. ಇಲ್ಲಿ ರಕ್ತದ ಆಮ್ಲಜನಕವನ್ನು ಶೇ. 97, 98 ಎಂದು ತೋರಿಸುವ ಆಕ್ಸಿಮೀಟರ್ ಅಲ್ಲಿ ವಿಮಾನ ಇಳಿದ ದಿನ 90ಕ್ಕಿಂತ ಕೆಳಗೆ ಬರುವುದು ಮಾಮೂಲು.

ದೇಹ ಹೊಂದಿಕೊಳ್ಳುತ್ತದೆ, ಆದರೆ ದಿನ ಬೇಕು. ಉಸಿರಾಟ ಹೆಚ್ಚಾದಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ. ಮೆದುಳು ಉಸಿರಿಗೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕುತ್ತಾ ಬಂದ ಹಾಗೆ ಆ ಕಡಿವಾಣ ಸಡಿಲವಾಗುತ್ತದೆ. ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಕಾಲಿನ ಕಸುವಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಸುವಿದೆ ಅಂತ ಮೊದಲ ದಿನವೇ ಓಡಾಡಿದವರು ರಾತ್ರಿ ತಲೆ ಹಿಡಿದುಕೊಂಡು ಕೂರುತ್ತಾರೆ.

ಕರ್ಪೂರ ಮೂಗಿನಲ್ಲಿ ತಂಪನ್ನು ಗ್ರಹಿಸುವ ನರವನ್ನು ಕೆರಳಿಸುತ್ತದೆ, ಅಷ್ಟೇ. ಉಸಿರು ಸಲೀಸಾದ ಹಾಗೆ ಅನಿಸುತ್ತದೆ. ರಕ್ತಕ್ಕೆ ಚೂರೂ ಆಮ್ಲಜನಕ ಸೇರಲ್ಲ. ಹತ್ತು ಲೀಟರಿನ ಆಕ್ಸಿಜನ್ ಕ್ಯಾನ್ ನಿಮಿಷಕ್ಕೆ ಎರಡು ಲೀಟರಿನಂತೆ ಐದೇ ನಿಮಿಷ.

"ನಮ್ಮ ಭಾವ ಹೋಗ್ಬಂದ್ರು, ಏನೂ ಆಗ್ಲಿಲ್ಲ" ಅನ್ನುತ್ತೀರಿ. ಭಾವನ ದೇಹ ಭಾವನದು. ಹೋದ ಸಲ ಏನೂ ಆಗದವರೂ ಈ ಸಲ ಬೇಗ ಏರಿದರೆ ಹಾಸಿಗೆ ಹಿಡಿಯಬಹುದು.

ನನಗೆ ಸಂಕಟವಾಗುವುದು ಪ್ಯಾಕೇಜ್ ಟೂರುಗಳನ್ನು ನೋಡಿ. ಮೊದಲ ದಿನ ವಿಮಾನ, ಎರಡನೇ ದಿನವೇ 5,359 ಮೀಟರಿನ ಖಾರ್ದುಂಗ್ ಲಾ ಕಣಿವೆದಾರಿ! ಅಲ್ಲಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಉಳಿಸುವುದು ಒಂದು ದಿನದ ರೂಮ್ ಬಾಡಿಗೆ, ಪಣಕ್ಕಿಡುವುದು ಅಪ್ಪ ಅಮ್ಮನ ಜೀವ. ಬುಕ್ ಮಾಡುವ ಮುಂಚೆಯೇ ಜಗಳ ಆಡಿ, ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನೆ ಇರುವಂತೆ ಮಾಡಿಸಿ. ಆಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ. ಹೆಂಡ, ನಿದ್ದೆ ಮಾತ್ರೆ ಬೇಡ, ಎರಡೂ ಉಸಿರನ್ನು ಕುಗ್ಗಿಸುತ್ತವೆ. ಎತ್ತರಕ್ಕೆ ಬೇಗ ಹೊಂದಿಕೊಳ್ಳಲು ನೆರವಾಗುವ ಮಾತ್ರೆ ಅಸಿಟಜೋಲಮೈಡ್, ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಹೊರಡುವ ಹಿಂದಿನ ದಿನದಿಂದ. ಆದರೆ ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆಂದರೆ ಗಾಬರಿಯಾಗಬೇಡಿ, ಅದು ಆ ಮಾತ್ರೆಯ ಗುಣ.

ತಲೆನೋವು, ವಾಕರಿಕೆ ಶುರುವಾದರೆ ಇನ್ನೂ ಮೇಲೆ ಹೋಗಬೇಡಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮೆದುಳಿಗೆ ಬಾವು ಬಂದಿರಬಹುದು. ಕೂತಲ್ಲೇ ಏದುಸಿರು, ಕೆಮ್ಮು, ತುಟಿ ನೀಲಿ ಅಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಲೇಹ್‌ನಲ್ಲಿದ್ದರೆ ಆಸ್ಪತ್ರೆಗೆ ಒಯ್ಯಿರಿ, ಮೇಲಿದ್ದರೆ ಆ ಕ್ಷಣವೇ ಕೆಳಗಿಳಿಸಿ. ಬೆಳಗಾಗಲಿ ಅಂತ ಕಾಯಬೇಡಿ.