ಟವರ್ ಬೈಯುವ ಮೊದಲು ಟರ್ನ್ ಸರ್ವರ್ ನೋಡಿ

ಕೋಲಾರ, ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರಿಗೆ ವಿಡಿಯೊ ಕರೆಯಲ್ಲೇ ಸಲಹೆ ಕೊಡುವ ಆ್ಯಪನ್ನು ವೆಬ್‌ಆರ್‌ಟಿಸಿಯಲ್ಲಿ, ಅಂದರೆ ಬ್ರೌಸರ್, ಆ್ಯಪ್‌ಗಳ ನಡುವೆ ನೇರ ಕರೆ ಮಾಡಿಸುವ ತಂತ್ರದಲ್ಲಿ, ಕಟ್ಟಲು ಹೊರಟವರಿಗೆ ಈ ಮಾತು. ಆಫೀಸಿನ ವೈಫೈನಲ್ಲಿ ಎರಡು ಫೋನ್ ಇಟ್ಟು ನೋಡಿದರೆ ಕರೆ ಥಟ್ಟನೆ ಸೇರುತ್ತೆ. ತೋಟಕ್ಕೆ ಹೋದರೆ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇರುತ್ತೆ. ಎಲ್ಲರೂ ಟವರ್ ಬೈಯುತ್ತಾರೆ. ಅದೇ ಜಾಗದಲ್ಲಿ ಅದೇ ಫೋನಿನಲ್ಲಿ ಯೂಟ್ಯೂಬ್ ಓಡುತ್ತಿದ್ದರೆ ತಪ್ಪು ಬಹುಪಾಲು ಟವರಿನದಲ್ಲ, ನಡುವೆ ನಿಂತು ಕರೆ ದಾಟಿಸುವ ಟರ್ನ್ ಸರ್ವರಿನದು.

ಒಂದೇ ವೈಫೈನಲ್ಲಿ ಫೋನುಗಳು ಒಂದಕ್ಕೊಂದು ನೇರವಾಗಿ ಸಿಗುತ್ತವೆ. ಮೊಬೈಲ್ ಡೇಟಾದಲ್ಲಿ ಹಾಗಲ್ಲ, ಸಾವಿರಾರು ಜನ ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇರಬಹುದು. ಸ್ಟನ್ ಸರ್ವರ್ 'ಹೊರಗಿನಿಂದ ನಿನ್ನ ವಿಳಾಸ, ಪೋರ್ಟ್ (ಆ ವಿಳಾಸದಲ್ಲಿನ ಬಾಗಿಲ ಸಂಖ್ಯೆ) ಇದು' ಅಂತ ಫೋನಿಗೆ ಹೇಳುತ್ತೆ, ನಿಜ. ಆದರೆ ಕೆಲವು ನೆಟ್‌ವರ್ಕ್‌ಗಳಲ್ಲಿ ಪ್ರತಿ ಹೊಸ ಸಂಪರ್ಕಕ್ಕೂ ಪೋರ್ಟ್ ಬದಲಾಗುತ್ತೆ, ಆ ವಿಳಾಸ ಹಿಡಿದು ಬಂದವರಿಗೆ ಬಾಗಿಲು ತೆರೆಯಲ್ಲ. ಆಗ ಮಾತು, ಚಿತ್ರ ಎರಡೂ ನಡುವಿನ ಟರ್ನ್ ಸರ್ವರ್ ಮೂಲಕವೇ ಹೋಗಬೇಕು.

ಟರ್ನ್ ಸರ್ವರ್ ನಡೆಸುವ ಉಚಿತ ತಂತ್ರಾಂಶ ಕೋಟರ್ನ್ ಹಾಕುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ: 3478 ಪೋರ್ಟ್ ತೆರೆದು, ಕರೆಯ ಡೇಟಾ ದಾಟಿಸಲು (ರಿಲೇ) ಬೇಕಾದ 49152ರಿಂದ 65535ರವರೆಗಿನ ಯುಡಿಪಿ ಪೋರ್ಟ್‌ಗಳನ್ನು ಕ್ಲೌಡ್ ಫೈರ್‌ವಾಲ್‌ನಲ್ಲಿ ಮರೆಯುತ್ತಾರೆ. ಸರ್ವರ್‌ಗೆ ಒಳಗಿನ ಐಪಿ ಮಾತ್ರ ಗೊತ್ತಿದ್ದರೆ ಹೊರಗಿನದನ್ನು ಸೆಟ್ಟಿಂಗ್‌ನಲ್ಲಿ ಬರೆಯಬೇಕು, ಇಲ್ಲದಿದ್ದರೆ ಅದು ಒಳಗಿನ ವಿಳಾಸವನ್ನೇ ಹಂಚುತ್ತೆ. ಕಾಲೇಜು, ಬ್ಯಾಂಕ್ ವೈಫೈಗಳಲ್ಲಿ ಕರೆಗಳು ಸಾಮಾನ್ಯವಾಗಿ ಬಳಸುವ ಯುಡಿಪಿ ಸಂಚಾರವನ್ನೇ ಕೆಲವೊಮ್ಮೆ ತಡೆದಿರುತ್ತಾರೆ. ಹಾಗಾಗಿ ಟಿಎಲ್‌ಎಸ್ ಗೂಢಲಿಪಿ ಜೊತೆ, ಸುರಕ್ಷಿತ ವೆಬ್‌ಸೈಟ್‌ಗಳು ಬಳಸುವ 443 ಪೋರ್ಟ್‌ನಲ್ಲೂ ಟರ್ನ್ ಇರಲಿ. ಟರ್ನ್ ಪಾಸ್‌ವರ್ಡನ್ನು ಆ್ಯಪ್ ಕೋಡ್‌ನಲ್ಲಿ ಬರೆದಿಡಬೇಡಿ, ಕಂಡವರು ಅದನ್ನು ತೆಗೆದುಕೊಂಡು ನಿಮ್ಮ ಖರ್ಚಿನಲ್ಲಿ ಕರೆ ಮಾಡುತ್ತಾರೆ. ಅವಧಿ ಮುಗಿಯುವ ತಾತ್ಕಾಲಿಕ ಪಾಸ್‌ವರ್ಡ್ ಕೊಡಿ. ಸರ್ವರ್ ಮುಂಬೈ ಅಥವಾ ಹೈದರಾಬಾದಿನಲ್ಲಿರಲಿ. ಅಮೆರಿಕದಲ್ಲಿಟ್ಟರೆ ಮುಳಬಾಗಿಲಿನ ಮಾತು ಕೋಲಾರ ಮುಟ್ಟಲು ಸಮುದ್ರ ದಾಟಿ ಬರಬೇಕು.

ಪರೀಕ್ಷೆ ಸುಲಭ. ಕರೆಗೆ ದಾರಿ ಹುಡುಕುವ ಭಾಗವೇ ಐಸ್. ಟರ್ನ್ ಮೂಲಕವೇ ಹೋಗು ಅನ್ನಲು ಐಸ್ ಟ್ರಾನ್ಸ್‌ಪೋರ್ಟ್ ಪಾಲಿಸಿಯನ್ನು 'ರಿಲೇ' ಮಾಡಿ ಕರೆ ಹಚ್ಚಿ. ಸೇರಲಿಲ್ಲವೋ, ಟರ್ನ್ ಕೆಟ್ಟಿದೆ.

ಇನ್ನು ಎಲೆ. ರೈತ ಅಂಗಮಾರಿ ಬಂದ ಎಲೆಯನ್ನು ಕ್ಯಾಮೆರಾಗೆ ಹಿಡಿಯುತ್ತಾನೆ. ನೆಟ್‌ವರ್ಕ್ ಸೊರಗಿದಾಗ ವಿಡಿಯೊ ಕಲಸಿಹೋಗಿ, ಚುಕ್ಕೆಯೊಳಗಿನ ಉಂಗುರಗಳು ಬರೀ ಕಂದು ಮಚ್ಚೆಯಾಗಿ ಕಾಣುತ್ತವೆ. ಸಲಹೆಗಾರರಿಗೆ ಬೇಕಾದ್ದೇ ಆ ಉಂಗುರ. ವಿಡಿಯೊ ಗುಣಮಟ್ಟ ಏರಿಸಲು ಹೋಗಬೇಡಿ, ಮಾತು ಕಡಿಯುತ್ತೆ. ಒಂದು ಫೋಟೊ ತೆಗೆಸಿ, ಅದೇ ಕರೆಯಲ್ಲಿ ಫೈಲ್ ಕಳಿಸುವ ದಾರಿಯಾದ ಡೇಟಾ ಚಾನೆಲ್‌ನಲ್ಲಿ 16 ಕೆಬಿ ತುಂಡುಗಳಾಗಿ ಕಳಿಸಿ, 1 ಎಂಬಿ ಫೋಟೊ 64 ತುಂಡಾಗುತ್ತೆ.

ವೆಬ್‌ಆರ್‌ಟಿಸಿಯನ್ನು ಗೂಗಲ್ 2011ರಲ್ಲಿ ಮುಕ್ತವಾಗಿ ಬಿಟ್ಟಿತು, 2021ರಲ್ಲಿ ಅದು ವೆಬ್ ಮಾನಕ ಸಂಸ್ಥೆ ಡಬ್ಲ್ಯು3ಸಿಯ ಮಾನಕವಾಯಿತು. ತಂತ್ರಕ್ಕೆ ಯಾರೂ ದುಡ್ಡು ಕೇಳಲ್ಲ. ಕ್ಲೌಡ್ ಪ್ಲಾಟ್‌ಫಾರ್ಮ್‌ಗಳು ಮಾರುವುದು ಸರ್ವರ್ ಮತ್ತು ನಿಗಾ, ಬಿಲ್ ಸಾಮಾನ್ಯವಾಗಿ ಪ್ರತಿಯೊಬ್ಬರ ನಿಮಿಷದ ಲೆಕ್ಕದಲ್ಲಿ. ಇಬ್ಬರ 15 ನಿಮಿಷದ ಕರೆ ಅಂದರೆ 30 ನಿಮಿಷ. ತಿಂಗಳಿಗೆ 1000 ಕರೆಗೆ 30,000 ನಿಮಿಷ. ಅದೇ ಕರೆಗಳೆಲ್ಲ ನಿಮ್ಮ ಟರ್ನ್ ಮೂಲಕ, ಆಚೆ ಈಚೆ ತಲಾ 500 ಕೆಬಿಪಿಎಸ್‌ನಲ್ಲಿ ಹೋದರೂ ಹೊರಹೋಗುವ ಡೇಟಾ ಸುಮಾರು 112 ಜಿಬಿ. ಎರಡೂ ದರ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರ ಕರೆಗೆ ಸ್ವಂತ ಟರ್ನ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆರೇಳು ಜನ ಸೇರುವ ಕರೆಗೆ ಮಾತ್ರ ಎಸ್‌ಎಫ್‌ಯು (ಪ್ರತಿಯೊಬ್ಬರ ವಿಡಿಯೊವನ್ನು ಉಳಿದವರಿಗೆ ಹಂಚುವ ಸರ್ವರ್) ಬೇಕು, ಆಗ ಅದಿರುವ ಉಚಿತ ತಂತ್ರಾಂಶ ಜಿಟ್ಸಿ ಹಾಕಿ ಅಥವಾ ಪ್ಲಾಟ್‌ಫಾರ್ಮ್ ಕೊಳ್ಳಿ.

ಕೊಂಡರೂ ಅವರು ಕೊಡುವ ಸಿದ್ಧ ಕೋಡ್ ಕಟ್ಟು, ಅಂದರೆ ಎಸ್‌ಡಿಕೆಯನ್ನು ಆ್ಯಪ್ ತುಂಬ ಹರಡದೆ ಒಂದೇ ಫೈಲಿನ ಹಿಂದೆ ಇಡಿ. ಇಂಥ ಸೇವೆ ಮಾರುವ ಅಮೆರಿಕದ ಕಂಪನಿ ಟ್ವಿಲಿಯೊ ತನ್ನ ವಿಡಿಯೊ ಸೇವೆ ನಿಲ್ಲಿಸುವುದಾಗಿ 2023ರಲ್ಲಿ ಹೇಳಿ, 2024ರಲ್ಲಿ ಆ ನಿರ್ಧಾರ ಕೈಬಿಟ್ಟಿತು. ಅಷ್ಟರಲ್ಲಿ ಬೇರೆ ಕಡೆ ಹೋಗಬೇಕಾದವರು ಕೋಡನ್ನೇ ತಿದ್ದಿ ಬರೆಯಬೇಕಿತ್ತು.