ಮೊಣಕೈ ಮಡಿಕೆ ನೋಡದೆ ಇಸುಬು ಎಣಿಸೋದು ಹೇಗೆ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಗಳ ಶಾಲೆಯಿಂದ ಆರೋಗ್ಯದ ಫಾರ್ಮ್ ಬಂದರೆ, ರಾತ್ರಿ ಊಟ ಆದಮೇಲೆ ನಾನೋ ಹೆಂಡತಿಯೋ ಟಿಕ್ ಹಾಕಿ ಬ್ಯಾಗಿಗೆ ತುರುಕುತ್ತೇವೆ. ಇಲ್ಲಿ ಅದು ನಡೆಯುತ್ತದೆ. ಅದೇ ಫಾರ್ಮನ್ನು ನಮ್ಮ ಸಿಂಧನೂರು ಕಡೆಯ ಶಾಲೆಗಳಲ್ಲಿ ಸುಮ್ನೆ ಹಂಚಿದರೆ, ಬರುವ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಮಕ್ಕಳಲ್ಲಿ ಇಸುಬು, ಅಂದರೆ ಎಕ್ಸಿಮಾ, ಎಷ್ಟಿದೆ ಎಂದು ತಿಳಿಯಲು ಹೆಸರಾದ ಪ್ರಶ್ನಾವಳಿ ಎರಡಿವೆ. 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಬಳಸಿದ ಐಸಾಕ್ ಒಂದು. 6-7 ವರ್ಷದ ಮಕ್ಕಳ ಪರವಾಗಿ ಹೆತ್ತವರು, 13-14ರ ಮಕ್ಕಳು ತಾವೇ ಉತ್ತರ ಬರೆಯಬೇಕು. ಆರು ತಿಂಗಳಾದರೂ ಬಂದು ಹೋಗುವ ತುರಿಕೆಯ ಗುಳ್ಳೆ ಇತ್ತಾ, ಕಳೆದ 12 ತಿಂಗಳಲ್ಲಿ ಬಂತಾ, ಮೊಣಕೈ ಮಡಿಕೆ, ಮಂಡಿ ಹಿಂದೆ, ಕುತ್ತಿಗೆ ಸುತ್ತ ಆಗಿತ್ತಾ, ನಿದ್ದೆ ಕೆಟ್ಟಿತಾ ಎಂಬ ಪ್ರಶ್ನೆಗಳು. ಇನ್ನೊಂದು 1994ರಲ್ಲಿ ಬ್ರಿಟನ್ನಿನ ವೈದ್ಯರು ಮಾಡಿದ್ದು. ಅದರ ಪ್ರಕಾರ ಇಸುಬು ಅನ್ನಲು ತುರಿಕೆ ಇರಲೇಬೇಕು. ಜೊತೆಗೆ ಐದರಲ್ಲಿ ಮೂರು ಹೊಂದಬೇಕು: ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಶುರುವಾದದ್ದು, ಮಡಿಕೆಗಳಲ್ಲಿ ಹಿಂದೆ ಬಂದದ್ದು, ಒಣ ಚರ್ಮ, ದಮ್ಮು ಅಥವಾ ಅಲರ್ಜಿ ನೆಗಡಿ, ಈಗ ಮಡಿಕೆಯಲ್ಲಿ ಕಣ್ಣಿಗೆ ಕಾಣುವ ಇಸುಬು. ಈ ಕೊನೆಯದಕ್ಕೆ ಯಾರಾದರೂ ಮಗುವಿನ ತೋಳು ಹಿಡಿದು ನೋಡಬೇಕು.

ನನ್ನ ವೋಟು ಇದಕ್ಕೇ. ಹೋದ ಸಲ ಊರಿಗೆ ಹೋದಾಗ ಅಕ್ಕನ ಮಗನ ಬಗ್ಗೆ ಕೇಳಿದೆ. "ಏನಿಲ್ಲೋ ತಮ್ಮಾ, ಜರಾ ತುರಿಸ್ತೈತಿ ಅಷ್ಟ" ಅಂದಳು. ಫಾರ್ಮ್ ಕೊಟ್ಟಿದ್ದರೆ 'ಇಲ್ಲ' ಎಂದೇ ಹಾಕುತ್ತಿದ್ದಳು. ಅಂಗಿ ತೋಳು ಮೇಲೆ ಸರಿಸಿದರೆ, ಮೊಣಕೈ ಮಡಿಕೆಯ ಚರ್ಮ ಕಪ್ಪಿಟ್ಟು ದಪ್ಪಗಾಗಿದೆ, ಗೆರೆಗಳು ಎದ್ದು ಕಾಣುತ್ತಿವೆ. ಕೆಂಪು ಎಲ್ಲೂ ಇಲ್ಲ. ಇಲ್ಲಿ ಇಂಗ್ಲೆಂಡಿನ ಕರಪತ್ರಗಳಲ್ಲಿ ಬಿಳಿ ಮೈಮೇಲಿನ ಕೆಂಪು ಕಲೆಗಳೇ ಜಾಸ್ತಿ. ಅದನ್ನು ನೋಡಿ ಕಲಿತವರಿಗೆ ನಮ್ಮ ಮಕ್ಕಳ ಇಸುಬು ಗೊತ್ತೇ ಆಗದು.

ಇನ್ನು ಕಜ್ಜಿ. ಅದೂ ರಾತ್ರಿ ನಿದ್ದೆ ಕೆಡಿಸುತ್ತದೆ, ಹಾಗಾಗಿ ಇಸುಬಿನ ಲೆಕ್ಕದಲ್ಲಿ ಸೇರಿಬಿಡಬಹುದು. ಆದರೆ ಬೆರಳ ಸಂದಿ, ಮಣಿಕಟ್ಟು ಅದರ ಜಾಗ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಹತ್ತುತ್ತದೆ. 'ಮನೆಯಲ್ಲಿ ಬೇರೆಯವರೂ ತುರಿಸಿಕೊಳ್ತಾರಾ?' ಎಂಬ ಒಂದು ಪ್ರಶ್ನೆಯನ್ನು ನಮ್ಮ ಕಡೆ ಸೇರಿಸಲೇಬೇಕು. '12 ತಿಂಗಳು' ಅನ್ನೋ ಬದಲು 'ಹೋದ ವರ್ಷದ ನಾಗರ ಪಂಚಮಿಯಿಂದ ಈಚೆಗೆ' ಅಂದರೆ ತಾಯಂದಿರಿಗೆ ನೆನಪೂ ಚೆನ್ನಾಗಿ ಬರುತ್ತದೆ.

ಇದಕ್ಕೆ ಹೊಸ ತಂಡ ಕಟ್ಟಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಹೋಗುತ್ತವೆ, ಅವರ ಪಟ್ಟಿಯಲ್ಲಿ ಚರ್ಮದ ಕಾಯಿಲೆಯೂ ಇದೆ. ಯಾವಾಗ ಹೋಗಬೇಕು ಅನ್ನೋದೇ ತಲೆನೋವು. ಚಳಿಗಾಲದಲ್ಲಿ ಚರ್ಮ ಒಣಗಿ ಇಸುಬು ಚೆನ್ನಾಗಿ ಕಾಣುತ್ತದೆ, ಆದರೆ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಮಕ್ಕಳ ಸಮೇತ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಸಿಮೆಂಟು ಧೂಳಲ್ಲಿ ಆಡುವ ಆ ಮಕ್ಕಳೇ ಲೆಕ್ಕದಿಂದ ಜಾರಿದರೆ ಹೇಗೆ, ಅಲ್ವಾ? ಮಳೆ ಬಿದ್ದು ಅವರು ವಾಪಸಾದ ಮೇಲೆ, ಜುಲೈ-ಆಗಸ್ಟಿನಲ್ಲಿ ಹೋಗುವುದು ವಾಸಿ. ಆಗ ಮೈಮೇಲೆ ಕಾಣುವುದು ಕಡಿಮೆ ಇರಬಹುದು. ಚಳಿಗಾಲದ್ದನ್ನು ಪಂಚಮಿಯ ಪ್ರಶ್ನೆ ಹಿಡಿದುಕೊಳ್ಳುತ್ತದೆ.