ಜೋಡಿ ಟ್ರೇಲರ್: ಉದ್ದ ಅಳೆಯುವ ಮೊದಲು ಮೂಕಿಯ ಭಾರ ನೋಡಿ

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಕಡೆಯಾಗಲಿ, ಬೆಳಗಾವಿ–ಬಾಗಲಕೋಟೆಯ ಕಡೆಯಾಗಲಿ ರಸ್ತೆಗೆ ಇಳಿದರೆ ಎರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಾಗದೆ ಇರದು. ಅಮೆರಿಕದ ಮಧ್ಯ ಮತ್ತು ಪಶ್ಚಿಮದ ರಾಜ್ಯಗಳಲ್ಲಿ ಬೇಸಿಗೆ ಬಂತೆಂದರೆ ಅದೇ ಜೋಡಿ ಬೇರೆ ರೂಪದಲ್ಲಿ ಓಡಾಡುತ್ತದೆ. ಮುಂದೆ ಪಿಕಪ್, ಅದರ ಹಿಂದೆ ಅಡುಗೆಮನೆ ಹಾಸಿಗೆಗಳಿರುವ ಕ್ಯಾಂಪರ್, ಅದರ ಬಾಲಕ್ಕೆ ದೋಣಿಯದೋ ಬೈಕಿನದೋ ಇನ್ನೊಂದು ಟ್ರೇಲರ್. ಕಬ್ಬಿನ ಟ್ರ್ಯಾಕ್ಟರ್‌ನ ವೇಗ ಗಂಟೆಗೆ 20–25 ಕಿಲೋಮೀಟರ್, ಅಮೆರಿಕದ ಜೋಡಿಯದು 100. ಕೊಂಡಿ ಒಂದೇ ಬಗೆಯದಾದರೂ ಅಪಾಯ ಬೇರೆ ಬೇರೆ ಕಡೆಯಿಂದ ಬರುತ್ತದೆ.

ಅಮೆರಿಕದಲ್ಲಿ ಪ್ರವಾಸಕ್ಕೆ ಹೊರಟವರು ಜೋಡಿ ಟ್ರೇಲರ್ ಎಳೆಯಬಹುದೇ ಎಂಬುದಕ್ಕೆ ಇಡೀ ದೇಶಕ್ಕೆ ಒಂದೇ ಉತ್ತರವಿಲ್ಲ. ಆಯಾ ರಾಜ್ಯದ ಕಾನೂನು ಆಯಾ ರಾಜ್ಯದ್ದು. ಕೊಲರಾಡೋದಲ್ಲಿ ಒಟ್ಟು ಉದ್ದ 70 ಅಡಿ ಮೀರಬಾರದು. ಟೆಕ್ಸಸ್‌ನಲ್ಲಿ 65 ಅಡಿ. ಮಿನ್ನೆಸೋಟದಲ್ಲಿ 70 ಅಡಿಯ ಮಿತಿಯ ಜೊತೆಗೆ ನಡುವಿನ ಕ್ಯಾಂಪರ್ ಫಿಫ್ತ್ ವೀಲ್ (ಮುಂಭಾಗ ಪಿಕಪ್‌ನ ತೊಟ್ಟಿಯ ಮೇಲೆ ಪಿನ್‌ನಿಂದ ಕೂರುವ ಬಗೆ) ಆಗಿರಲೇಬೇಕು, ಚಾಲಕನಿಗೆ 18 ತುಂಬಿರಬೇಕು. ಅಷ್ಟೇ ಅಲ್ಲ, ಮಿನಿಯಾಪೊಲಿಸ್ ಸುತ್ತಲಿನ ಏಳು ಕೌಂಟಿಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ 9, ಸಂಜೆ 4ರಿಂದ 7 ಈ ಜೋಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಮಿಷಿಗನ್‌ನಲ್ಲಿ ಲೈಸೆನ್ಸ್ ಮೇಲೆ ಇದಕ್ಕೆಂದೇ ‘ಆರ್’ ಎಂಬ ಪ್ರತ್ಯೇಕ ಅನುಮತಿ ಬೇಕು, ಪರೀಕ್ಷೆ ಬರೆಯಬೇಕು. ಆರೆಗಾನ್, ವಾಷಿಂಗ್ಟನ್, ಫ್ಲೋರಿಡಾಗಳಲ್ಲಿ ಪ್ರವಾಸಿ ಜೋಡಿಗೆ ಅವಕಾಶವೇ ಇಲ್ಲ. ಕ್ಯಾಲಿಫೋರ್ನಿಯಾದ ಮಾಮೂಲಿ ಲೈಸೆನ್ಸಿನಲ್ಲಿ ಒಂದಕ್ಕಿಂತ ಹೆಚ್ಚು ವಾಹನ ಎಳೆಯುವಂತಿಲ್ಲ. ಒಂದೇ ಟ್ರೇಲರ್ ಎಳೆದರೂ ವೇಗ 55 ಮೈಲಿ ದಾಟಬಾರದು. ಕೊಲರಾಡೋದಲ್ಲಿ ಸರಿಯಾಗಿಯೇ ಕಟ್ಟಿದ ಜೋಡಿ ಕ್ಯಾಲಿಫೋರ್ನಿಯಾದ ಗಡಿಯಲ್ಲಿ ಕಾನೂನುಬಾಹಿರವಾಗುತ್ತದೆ. ಆದ್ದರಿಂದ ಹೊರಡುವ ಊರು, ತಲುಪುವ ಊರು ಎರಡನ್ನೇ ನೋಡಿದರೆ ಸಾಲದು. ನಡುವೆ ದಾಟುವ ಪ್ರತಿ ರಾಜ್ಯದ ಸಾರಿಗೆ ಇಲಾಖೆಯ ಈಗಿನ ನಿಯಮವನ್ನು ಓದಿಕೊಳ್ಳಬೇಕು. ವಿಮೆಯ ಪಾಲಿಸಿಯಲ್ಲಿ ಎರಡನೇ ಟ್ರೇಲರ್‌ನ ಮಾತಿದೆಯೇ ಎಂದೂ ನೋಡಬೇಕು.

ಉದ್ದದ ಲೆಕ್ಕದಲ್ಲೇ ಬಹಳ ಜನ ಎಡವುತ್ತಾರೆ. ಪಿಕಪ್ 21 ಅಡಿ, ಫಿಫ್ತ್ ವೀಲ್ 32 ಅಡಿ, ಅದರ ಮೂಗು ಪಿಕಪ್‌ನ ತೊಟ್ಟಿಯ ಮೇಲೆ 6 ಅಡಿ ಬಂದು ಕೂರುತ್ತದೆ ಎಂದುಕೊಳ್ಳಿ. ಅಲ್ಲಿಗೆ 47 ಅಡಿ. ಮೂಕಿಯೂ (ಕೊಂಡಿಗೆ ಸಿಕ್ಕಿಸಲು ಮುಂದಕ್ಕೆ ಚಾಚಿದ ದಂಡ) ಸೇರಿ ದೋಣಿಯ ಟ್ರೇಲರ್ 22 ಅಡಿಯಾದರೆ ಒಟ್ಟು 69. ಕೊಲರಾಡೋದಲ್ಲಿ ಒಂದು ಅಡಿ ಉಳಿಯಿತು, ಟೆಕ್ಸಸ್‌ನಲ್ಲಿ ನಾಲ್ಕು ಅಡಿ ಮೀರಿತು. ದೋಣಿಯ ಮೋಟಾರನ್ನು ಎತ್ತಿ ಕಟ್ಟಿದಾಗ ಅದರ ಪ್ರೊಪೆಲರ್ ಟ್ರೇಲರ್‌ನ ಆಚೆಗೆ ಚಾಚಿಕೊಂಡಿದ್ದರೆ ಕೊಲರಾಡೋದ ಆ ಒಂದು ಅಡಿಯೂ ಹೋಯಿತು. ಕಂಪನಿಯ ಕಾಗದದಲ್ಲಿರುವ ಅಳತೆಗಳನ್ನು ಕೂಡಿಸದೆ ಎಲ್ಲವನ್ನೂ ಕಟ್ಟಿ, ನೇರಕ್ಕೆ ನಿಲ್ಲಿಸಿ, ಮುಂದಿನ ಬಂಪರ್‌ನಿಂದ ಹಿಂದಿನ ಕೊನೆಯವರೆಗೆ ಟೇಪ್ ಹಿಡಿಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ತಕರಾರು ಬೇರೆಯೇ. ಅಮೆರಿಕದಲ್ಲಿ ಜೋಡಿ ಟ್ರೇಲರ್‌ನ ಚರ್ಚೆ ಹೆಚ್ಚಾಗಿ ಉದ್ದದ ಸುತ್ತ ತಿರುಗುತ್ತದೆ. ಎತ್ತಿನ ಗಾಡಿ ಹೂಡುವವರು ಮೊದಲು ಕೇಳುವ ಪ್ರಶ್ನೆ ಉದ್ದದ್ದಲ್ಲ. ಗಾಡಿ ಮುಂಭಾರವೋ ಹಿಂಭಾರವೋ ಎಂಬುದು. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಮೂಟೆಯನ್ನು ಒಂದು ಗೇಣು ಹಿಂದೆ ಮುಂದೆ ಸರಿಸಿ ಹದಕ್ಕೆ ತರುತ್ತಾರೆ. 65 ಮೈಲಿ ವೇಗದಲ್ಲಿ ಓಡುವ ಟ್ರೇಲರ್‌ಗೂ ಇದೇ ಹದ ಬೇಕು, ಇನ್ನೂ ಬಿಗಿಯಾಗಿ ಬೇಕು. ಬಾಲ್ ಹಿಚ್‌ಗೆ, ಅಂದರೆ ಎಳೆಯುವ ವಾಹನದ ಹಿಂಬದಿಯ ಗುಂಡಿನಾಕಾರದ ಕೊಂಡಿಗೆ, ಕಟ್ಟುವ ಟ್ರೇಲರ್‌ನ ಮೂಕಿಯ ಮೇಲೆ ಅದರ ತೂಕದ ಶೇ 10ರಿಂದ 15, ಫಿಫ್ತ್ ವೀಲ್‌ನ ಪಿನ್ ಮೇಲೆ ಶೇ 15ರಿಂದ 25 ಕೂರಬೇಕು. ಶೇ 10ಕ್ಕಿಂತ ಇಳಿದರೆ ಗಾಳಿ ಬೀಸಿದಾಗ, ಪಕ್ಕದಲ್ಲಿ ದೊಡ್ಡ ಲಾರಿ ದಾಟಿದಾಗ ಟ್ರೇಲರ್‌ಗೆ ಓಲಾಟ ಹತ್ತುತ್ತದೆ.

ಈಗ ಎರಡನೇ ಟ್ರೇಲರ್ ಕಟ್ಟಿದರೆ ಈ ಹದಕ್ಕೆ ಏನಾಗುತ್ತದೆ ನೋಡಿ. ಪಿನ್‌ನಿಂದ ಆಕ್ಸಲ್‌ಗಳ ನಡುಮಧ್ಯಕ್ಕೆ 20 ಅಡಿ, ಅಲ್ಲಿಂದ ಹಿಂದಿನ ಬಾಲ್‌ಗೆ 12 ಅಡಿ ಇರುವ ಫಿಫ್ತ್ ವೀಲ್ ತೆಗೆದುಕೊಳ್ಳೋಣ. ದೋಣಿಯ ಟ್ರೇಲರ್‌ನ ಮೂಕಿ ಆ ಬಾಲ್ ಮೇಲೆ 300 ಪೌಂಡ್ ಭಾರ ಹಾಕುತ್ತದೆ. ಆಕ್ಸಲ್ ಇಲ್ಲಿ ಸನ್ನೆಕೋಲಿನ ಆನಿಕೆಯಾಗುತ್ತದೆ. ಮುಂದಿನ ಪಿನ್ ಮೇಲಿಂದ 300ನ್ನು 12ರಿಂದ ಗುಣಿಸಿ 20ರಿಂದ ಭಾಗಿಸಿದಷ್ಟು, ಅಂದರೆ 180 ಪೌಂಡ್ ಎತ್ತಿಹೋಗುತ್ತದೆ. ಆಕ್ಸಲ್ ಮೇಲೆ 480 ಪೌಂಡ್ ಏರುತ್ತದೆ. 10,000 ಪೌಂಡಿನ ಫಿಫ್ತ್ ವೀಲ್‌ನ ಪಿನ್ ಮೇಲೆ ಮೊದಲು 2,000 ಇದ್ದರೆ ಈಗ 1,820, ಇನ್ನೂ ಶೇ 18. ತೊಂದರೆಯಿಲ್ಲ. ಇದೇ ಅನುಪಾತದಲ್ಲಿ 5,000 ಪೌಂಡಿನ ಬಾಲ್ ಹಿಚ್ ಕ್ಯಾಂಪರ್‌ನ ಲೆಕ್ಕ ಹಾಕಿ. ಮೂಕಿಯ ಮೇಲಿದ್ದ 600 ಪೌಂಡ್ 420ಕ್ಕೆ ಇಳಿಯುತ್ತದೆ. ಶೇ 12 ಇದ್ದದ್ದು ಶೇ 8.4 ಆಯಿತು. ಒಂಟಿಯಾಗಿ ಹದವಾಗಿ ಓಡುತ್ತಿದ್ದ ಕ್ಯಾಂಪರ್ ದೋಣಿ ಕಟ್ಟಿದ ಮರುಗಳಿಗೆಯಿಂದ ಹಿಂಭಾರದ ಗಾಡಿ. ನಡುವಿನದು ಫಿಫ್ತ್ ವೀಲ್ ಆಗಿರಲೇಬೇಕು ಎಂಬ ಮಿನ್ನೆಸೋಟದ ಷರತ್ತನ್ನು ನಾನು ಪೂರ್ತಿ ಒಪ್ಪುವುದು ಇದೇ ಕಾರಣಕ್ಕೆ. ಬಾಲ್ ಹಿಚ್ ಹಿಂದೆ ಬಾಲ್ ಹಿಚ್ ಕಟ್ಟಲು ಬಿಡುವ ರಾಜ್ಯದಲ್ಲಿದ್ದರೂ ಕಟ್ಟಬೇಡಿ ಎಂದೇ ನಾನು ಹೇಳುವುದು.

ತೂಕ ತಿಳಿಯಲು ಊಹೆ ಬೇಡ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ವೇಬ್ರಿಜ್ ಇರುತ್ತದೆ. ನೀರು, ಪೆಟ್ರೋಲು, ಸಾಮಾನು, ಜನ ಎಲ್ಲ ತುಂಬಿಕೊಂಡು ಮೂರು ಸಲ ತೂಗಿ: ಪೂರ್ತಿ ಜೋಡಿ, ದೋಣಿ ಬಿಚ್ಚಿದ ಮೇಲೆ, ಕೊನೆಗೆ ಪಿಕಪ್ ಮಾತ್ರ. ಮೊದಲ ಎರಡು ಚೀಟಿಗಳಲ್ಲಿ ಪಿಕಪ್‌ನ ಹಿಂದಿನ ಆಕ್ಸಲ್ ತೂಕ ಹೋಲಿಸಿದರೆ ದೋಣಿ ಎಷ್ಟು ಭಾರ ಎತ್ತಿಹಾಕಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಎಳೆಯುವ ಸಾಮರ್ಥ್ಯ 12,000 ಪೌಂಡ್ ಎಂದರೆ ಎರಡೂ ಟ್ರೇಲರ್ ಸೇರಿ 12,000. ಒಂದೊಂದಕ್ಕೆ ಅಷ್ಟು ಎಂದು ತಿಳಿಯುವವರಿದ್ದಾರೆ. ಹಿಂದಿನ ಟ್ರೇಲರ್ ಯಾವಾಗಲೂ ನಡುವಿನದಕ್ಕಿಂತ ಹಗುರವಿರಬೇಕು. ಪಿಕಪ್ ಒಂದು ಗೇಣು ಪಕ್ಕಕ್ಕೆ ಸರಿದರೆ ಸಾಲಿನ ಕೊನೆಯದು ಅದಕ್ಕಿಂತ ಹೆಚ್ಚು ಬೀಸುತ್ತದೆ. ಬೀಸುವ ವಸ್ತು ಭಾರವಾದಷ್ಟೂ ನಡುವಿನದನ್ನು ಅದು ತನ್ನ ಜೊತೆ ಎಳೆಯುತ್ತದೆ.

ಕ್ಯಾಂಪರ್‌ನ ಹಿಂದುಗಡೆ ಬಗ್ಗಿ ನೋಡಿದರೆ ನಾಲ್ಕು ಇಂಚಿನ ಚೌಕಾಕಾರದ ಕಬ್ಬಿಣದ ಕೊಳವೆಯೊಂದು ಬಂಪರ್‌ನಂತೆ ಅಡ್ಡ ನಿಂತಿರುತ್ತದೆ. ಅದರ ತುದಿಯ ಮುಚ್ಚಳ ತೆಗೆದರೆ ಒಳಗೆ ಶೌಚದ ನೀರು ಹೊರಬಿಡುವ ಪೈಪು ಸುತ್ತಿಟ್ಟಿರುತ್ತಾರೆ. ತಗಡು ತೆಳು, ಚಾಸಿಗೆ ಹಿಡಿದಿರುವುದು ಸಣ್ಣ ವೆಲ್ಡಿಂಗು. ಅದಕ್ಕೆ ಬಾಲ್ ಕೂರಿಸಿ ದೋಣಿ ಎಳೆದರೆ ಪ್ರತಿ ಗುಂಡಿಯಲ್ಲೂ ಆ ವೆಲ್ಡಿಂಗು ತಿರುಚಿಕೊಂಡು, ಮೊದಲು ಬಣ್ಣ ಬಿರಿದು, ಆ ಬಿರುಕಿನಲ್ಲಿ ತುಕ್ಕಿನ ಗೆರೆ ಮೂಡಿ, ಒಂದು ದಿನ ಕಳಚಿಬೀಳುತ್ತದೆ. ಎರಡನೇ ಹಿಚ್ ಚಾಸಿಯ ಎರಡೂ ಉದ್ದ ತೊಲೆಗಳಿಗೆ ಬೋಲ್ಟ್ ಆಗಿರಬೇಕು, ಕ್ಯಾಂಪರ್ ತಯಾರಕರು ಇದಕ್ಕೆ ಒಪ್ಪಿರಬೇಕು. ಸೇಫ್ಟಿ ಚೈನ್‌ಗಳನ್ನೂ ಆ ಚಾಸಿಗೇ ಸಿಕ್ಕಿಸಿ, ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಬೇಕು. ಬಾಲ್ ಹಿಡಿಯುವ ಕಪ್ಲರ್ ಕಳಚಿದರೆ ಮೂಕಿ ನೆಲಕ್ಕೆ ಬೀಳದೆ ಚೈನ್‌ಗಳ ಆ ತೊಟ್ಟಿಲಲ್ಲಿ ನಿಲ್ಲುತ್ತದೆ.

ಬ್ರೇಕಿನದು ಇನ್ನೊಂದು ತಲೆನೋವು. ಕ್ಯಾಂಪರ್‌ಗೆ ಕರೆಂಟ್ ಬ್ರೇಕ್, ದೋಣಿಯ ಟ್ರೇಲರ್‌ಗೆ ಬಹುತೇಕ ಸರ್ಜ್ ಬ್ರೇಕ್. ಸರ್ಜ್ ಎಂದರೆ ಹಿಂದಿನ ಟ್ರೇಲರ್ ಮುಂದಿನದನ್ನು ಒತ್ತಿದಾಗ ಮೂಕಿಯೊಳಗಿನ ಸಿಲಿಂಡರ್ ಅದುಮಿ ಬ್ರೇಕ್ ಹಿಡಿಯುವುದು. ಹೀಗಾಗಿ ಚಾಲಕನ ಕೈಯಳತೆಯಲ್ಲಿರುವ ಬ್ರೇಕ್ ಕಂಟ್ರೋಲರ್‌ನ ಮಾತು ನಡುವಿನ ಟ್ರೇಲರ್‌ಗೆ ಮಾತ್ರ ತಲುಪುತ್ತದೆ. ಹಿಂದಿನದಕ್ಕೂ ಕರೆಂಟ್ ಬ್ರೇಕ್ ಇದ್ದರೆ ಒಳ್ಳೆಯದು, ಆದರೆ ಪ್ರತಿ ಚಕ್ರದ ಬ್ರೇಕ್ ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ನಡುವಿನ ಎರಡು ಆಕ್ಸಲ್‌ಗೆ ನಾಲ್ಕು, ಹಿಂದಿನ ಒಂದಕ್ಕೆ ಎರಡು, ಒಟ್ಟು 18 ಆಂಪಿಯರ್. ನಾಲ್ಕು ಮ್ಯಾಗ್ನೆಟ್‌ಗೆ ಮಾತ್ರ ತಾಳುವ ಕಂಟ್ರೋಲರ್, ಸಣ್ಣ ವೈರು ಇದ್ದರೆ ಕೊನೆಯ ಚಕ್ರಕ್ಕೆ ಹೋಗುವಷ್ಟರಲ್ಲಿ ವೋಲ್ಟೇಜು ಸೊರಗಿ ಬ್ರೇಕ್ ಹೆಸರಿಗಷ್ಟೇ ಉಳಿಯುತ್ತದೆ.

ಓಲಾಟ ಹತ್ತಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹೋಗಬಾರದು. ಪಿಕಪ್ ನಿಧಾನವಾದರೆ ಹಿಂದಿನವೆರಡೂ ಅದನ್ನು ನೂಕುತ್ತವೆ, ಮಡಚಿಕೊಳ್ಳುತ್ತವೆ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೇಲರ್‌ನ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಬೇಕು. ರಿವರ್ಸ್ ಎಂಬುದು ಜೋಡಿಗೆ ಇಲ್ಲವೆಂದೇ ತಿಳಿಯಿರಿ. ಮಡಿಕೆ ಎರಡಾದ್ದರಿಂದ ನಾಲ್ಕು ಮಾರು ಹಿಂದೆ ಹೋಗುವುದರೊಳಗೆ ಅಡ್ಡ ನಿಲ್ಲುತ್ತದೆ. ಪೆಟ್ರೋಲ್ ಬಂಕ್, ತಂಗುವ ಜಾಗ ಎಲ್ಲವೂ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬರುವಂಥವೇ ಆಗಬೇಕು. ಕೊನೆಯ ಟ್ರೇಲರ್‌ನ ಟೈರ್ ಪಂಕ್ಚರ್ ಆದರೆ ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಹಾಕಿ, ಸಿಗ್ನಲ್ ಅಷ್ಟು ದೂರ ಬರಲು ನಡುವೆ ರಿಪೀಟರ್ ಕೂರಿಸಿ.

ನಮ್ಮ ಕಬ್ಬಿನ ಟ್ರ್ಯಾಕ್ಟರ್‌ಗೆ ಓಲಾಟದ ಭಯ ಕಡಿಮೆ, ವೇಗವೇ ಇಲ್ಲವಲ್ಲ. ಅಲ್ಲಿ ಏರಿನಲ್ಲಿ ಮುಂದಿನ ಚಕ್ರ ಎದ್ದೇಳುವುದು, ಇಳಿಜಾರಿನಲ್ಲಿ ಬ್ರೇಕಿಲ್ಲದ ಡಬ್ಬಿಗಳು ಟ್ರ್ಯಾಕ್ಟರನ್ನು ನೂಕುವುದು, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿ ಹಿಂದಿನಿಂದ 80ರಲ್ಲಿ ಬರುವ ಕಾರಿಗೆ ಡಬ್ಬಿಯೇ ಕಾಣದಿರುವುದು ಸಾವಿಗೆ ದಾರಿ. ಹಿಂದೆ ರಿಫ್ಲೆಕ್ಟರ್ ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿಬಿಡುತ್ತದೆ. ಅಮೆರಿಕದಲ್ಲಿ 1993ರ ಡಿಸೆಂಬರ್‌ನಿಂದ ತಯಾರಾದ ದೊಡ್ಡ ಟ್ರೇಲರ್‌ಗಳಿಗೆ ಕೆಂಪು–ಬಿಳಿ ಹೊಳೆಯುವ ಪಟ್ಟಿ ಕಡ್ಡಾಯ. ನಿಧಾನವಾಗಿ ಓಡುವ ಟ್ರ್ಯಾಕ್ಟರ್‌ಗಳ ಬೆನ್ನಿಗೆ ಕೆಂಪು ಅಂಚಿನ ಕಿತ್ತಳೆ ತ್ರಿಕೋನ ಇರುತ್ತದೆ. ಅದನ್ನು ಕಂಡ ಕೂಡಲೇ ಮುಂದಿರುವುದು ನಿಧಾನದ ಗಾಡಿ ಎಂದು ದೂರದಿಂದಲೇ ತಿಳಿಯುತ್ತದೆ.

ಅಮೆರಿಕದಿಂದ ನಮ್ಮ ಕಬ್ಬಿನ ಗಾಡಿಗೆ ಒಯ್ಯಬೇಕಾದದ್ದು ಇದು. ರೇಡಿಯಂ ಪಟ್ಟಿಯನ್ನು ಡಬ್ಬಿಯ ಹಲಗೆಗೆ ಅಂಟಿಸಿದರೆ ಸಾಲದು. ಗಟ್ಟಿ ಬಟ್ಟೆಗೆ ಹೊಲಿದು, ಕಬ್ಬು ಹೇರಿ ಹಗ್ಗ ಬಿಗಿದ ಮೇಲೆ ಸೋಗೆಯ ಹೊರಗಡೆ, ಎರಡನೇ ಡಬ್ಬಿಯ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಪೂರ್ತಿ ಅಗಲ ತೋರುವಂತೆ ಕಟ್ಟಬೇಕು. ಎರಡೂ ಡಬ್ಬಿಯ ಪಕ್ಕಗಳಿಗೂ ಬೇಕು, ಏಕೆಂದರೆ ಅಡ್ಡ ತಿರುಗುವಾಗ ಟ್ರ್ಯಾಕ್ಟರ್‌ನ ದೀಪ ಆಗಲೇ ರಸ್ತೆ ದಾಟಿರುತ್ತದೆ, ಕತ್ತಲಲ್ಲಿ ಉಳಿಯುವುದು ಡಬ್ಬಿ. ಕೊಂಡಿಯ ಪಿನ್ನಿಗೆ ತಂತಿ ಸುತ್ತುವ ಬದಲು ಕ್ಲಿಪ್ ಹಾಕಿ, ಪ್ರತಿ ಜೋಡಣೆಗೂ ಎರಡು ಸರಪಳಿ ಬಿಗಿಯಬೇಕು. ಕಾರ್ಖಾನೆಯ ಗೇಟಿನಲ್ಲಿ ಕಬ್ಬು ತೂಗುವಾಗಲೇ ಇವಿಷ್ಟನ್ನೂ ನೋಡಿ, ಇಲ್ಲದ ಗಾಡಿಗೆ ಪಟ್ಟಿ ಕೊಟ್ಟು ಕಟ್ಟಿಸಿ ಕಳುಹಿಸಬಹುದು.